ಬಾಯೊಳಗಿನ ಕಾವಲುಗಾರ

ಇನ್ನೂ ಹುಟ್ಟದ ಕಾಲವೊಂದರಲ್ಲಿ, ಏಳು ಕಡಲಿನ ಆಚೆಗಲ್ಲ, ಇಲ್ಲೇ ಗದುಗಿನ ಬೆಟಗೇರಿಯಲ್ಲಿ, ದುಂಡವ್ವ ಎಂಬ ಹೆಣ್ಣುಮಗಳೊಬ್ಬಳಿದ್ದಳು. ಅವಳ ಬಾಯೊಳಗೆ ಒಬ್ಬ ಕಾವಲುಗಾರನಿದ್ದ. ಕಥೆಗಳಲ್ಲಿ ಬರುವ ಕಾವಲುಗಾರರು ಕೋಟೆಯ ಬಾಗಿಲಲ್ಲಿ ನಿಂತು, ಬಂದವರ ಹೆಸರು, ಊರು, ಬಂದ ಕಾರಣ ಕೇಳುತ್ತಾರೆ. ಈತ ಬಲಗಡೆಯ ದವಡೆಹಲ್ಲಿನ ಒಳಮಗ್ಗುಲಿಗೆ ಅಂಟಿಕೊಂಡು, ಗಂಟಲಿಗೆ ಇಳಿಯಲು ಬಂದ ಪ್ರತಿಯೊಂದು ತುತ್ತನ್ನೂ ಹಾಗೆಯೇ ವಿಚಾರಿಸುತ್ತಿದ್ದ. ಜೋಳದ ಕಾಳಿಗಿಂತ ಸಣ್ಣ ಮೈ ಅವನದು. ಜನ ಅವನನ್ನು ರುಚಿಗಾವಲು ಎಂದು ಕರೆಯುತ್ತಿದ್ದರು.

ದುಂಡವ್ವನದು ರೊಟ್ಟಿ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಅದೇ ಅವಳನ್ನೂ ಮಗಳು ಮಹಾನಂದಾಳನ್ನೂ ಸಾಕಿತ್ತು. ಬೆಳಗಿನ ಹೊತ್ತು ಒಲೆ ಹೊತ್ತಿಸಿ, ಮಡಕಿಕಾಳಿನ ಪಲ್ಯದ ಉಪ್ಪು ನೋಡಲೆಂದು ಅವಳು ಬೆರಳ ತುದಿಯಷ್ಟು ನಾಲಿಗೆಗೆ ಇಟ್ಟರೆ ಸಾಕು, ಕಾವಲುಗಾರ ಎಚ್ಚರಗೊಳ್ಳುತ್ತಿದ್ದ. ಕಾಳು ಇಷ್ಟು, ಎಣ್ಣೆ ಇಷ್ಟು, ಬೆಲ್ಲದ ಚೂರು ಇಷ್ಟು ಎಂದು ಅವನು ಹೊಟ್ಟೆಯ ಚರ್ಮದಡಿ ಹೂತಿದ್ದ ಮದ್ದುಚೀಲಕ್ಕೆ ಸುದ್ದಿ ಕಳಿಸುತ್ತಿದ್ದ. ಬೆಲ್ಲ ರಕ್ತವನ್ನು ತಲುಪುವ ಮೊದಲೇ, ಅದಕ್ಕೆ ತಕ್ಕಷ್ಟು ಮದ್ದನ್ನು ಚೀಲ ರಕ್ತಕ್ಕೆ ಬಿಟ್ಟಾಗಿರುತ್ತಿತ್ತು. ಸಿಹಿ ಅಳತೆ ಮೀರಿದರೆ ಮಾತ್ರ ಸೊಂಟದಲ್ಲಿ ಸಿಕ್ಕಿಸಿಕೊಂಡ ಹೇಳುಪೆಟ್ಟಿಗೆ ಬಾಯಿ ತೆರೆಯುತ್ತಿತ್ತು. “ಸಕ್ಕರೆ ಹೆಚ್ಚಾಗಿದೆ. ದಯವಿಟ್ಟು ಉಗುಳಿ.” ಬಾನುಲಿಯಲ್ಲಿ ವಾರ್ತೆ ಓದುವವರ ಧ್ವನಿ. ಉಣ್ಣಲು ಕುಳಿತ ಲಾರಿ ಚಾಲಕರು ಮೊದಮೊದಲು ತಮಗೇ ಹೇಳಿದರೇನೋ ಎಂದು ತುತ್ತು ಕೆಳಗಿಡುತ್ತಿದ್ದರು.

ಈ ಸಾಧನದ ಅಗತ್ಯ ಸುಮ್ಮನೆ ಬಂದಿರಲಿಲ್ಲ. ಆ ಕಾಲಕ್ಕೆ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ. ಕಾಯಿಲೆಯವರು ವೈದ್ಯರು ಕೊಟ್ಟ ಗುಳಿಗೆ ನುಂಗುತ್ತಿದ್ದರು. ಅದರ ಮೇಲೆ ನೆರೆಮನೆಯವರು ಹೇಳಿದ ಹಾಗಲಕಾಯಿ ರಸ ಕುಡಿಯುತ್ತಿದ್ದರು, ನೆನೆಸಿದ ಮೆಂತೆ ಅಗಿಯುತ್ತಿದ್ದರು, ಅಂಗಡಿಯಲ್ಲಿ ಸಿಗುವ ದಾಲ್ಚಿನ್ನಿಯ ಗುಳಿಗೆಯನ್ನೂ ನುಂಗುತ್ತಿದ್ದರು. ಒಂದರ ಸುದ್ದಿ ಇನ್ನೊಂದಕ್ಕೆ ಇಲ್ಲ. ವೈದ್ಯರ ಮುಂದೆ ಕಷಾಯದ ಮಾತೆತ್ತುವುದೆಂದರೆ ಅತ್ತೆಯ ಮುಂದೆ ತವರಿನ ಹೆಚ್ಚುಗಾರಿಕೆ ಹೇಳಿದಷ್ಟು ಸಂಕೋಚ. ಮದ್ದೂ ಸಕ್ಕರೆಯನ್ನು ಕೆಳಗೆ ಜಗ್ಗುತ್ತದೆ, ಹಾಗಲವೂ ಜಗ್ಗುತ್ತದೆ. ಎರಡೂ ಸೇರಿ ಜಗ್ಗಿದಾಗ ಸಕ್ಕರೆ ತಳ ಕಂಡು, ಬೆವರಿ, ನಡುಗಿ, ನಡುಮನೆಯಲ್ಲೇ ಬಿದ್ದವರೆಷ್ಟೋ. ಬಾಯಿಗೆ ಬಿದ್ದದ್ದನ್ನೆಲ್ಲ ಬಲ್ಲ ಸಾಕ್ಷಿಯೊಂದು ಬೇಕಾಗಿತ್ತು. ಅದನ್ನು ಮಾಡಿದವಳು ಡಾಕ್ಟರ್ ಇಂದುಮತಿ.

ಅವಳು ಲೋಹದಿಂದಲೋ ಗಾಜಿನಿಂದಲೋ ಅದನ್ನು ಮಾಡಲಿಲ್ಲ. ಮನುಷ್ಯರ ನಾಲಿಗೆಯ ರುಚಿಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ, ಕಾವಲುಗಾರನ ಮೈಯಾದ ಸಣ್ಣ ಮಣಿಯೊಳಗೆ ಬದುಕಿಸಿಟ್ಟಳು. ಸಿಹಿಯನ್ನು ಹಿಡಿಯುವ ಕೋಶಗಳು ಸಿಹಿಗ್ರಾಹಿಗಳು, ಕಹಿಯನ್ನು ಹಿಡಿಯುವವು ಕಹಿಗ್ರಾಹಿಗಳು. ಒಂದೊಂದು ಸೊಪ್ಪಿನ ಕಹಿಗೂ ಒಂದೊಂದು ಗುರುತು. ಧಾರವಾಡದ ಹೊರವಲಯದ ಅವಳ ಸಂಶೋಧನಾಲಯದಲ್ಲಿ ನೂರಾರು ಬೇರು, ಎಲೆ, ತೊಗಟೆಗಳ ರಸದಲ್ಲಿ ಮಣಿಯನ್ನು ಅದ್ದಿ ತೆಗೆದು, ಅದಕ್ಕೆ ಇವುಗಳ ಪರಿಚಯ ಮಾಡಿಸಿದ್ದರು. ಇನ್ನು ಮೇಲೆ ಯಾರೂ ಏನನ್ನೂ ಮುಚ್ಚಿಡಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ ಎಂದು ಇಂದುಮತಿ ಹೇಳುತ್ತಿದ್ದಳು.

ಅವಳು ಗದುಗಿನಲ್ಲಿ ಓದುವಾಗ ದುಂಡವ್ವನ ಖಾನಾವಳಿಯಲ್ಲೇ ಉಣ್ಣುತ್ತಿದ್ದಳು. ಆ ಅಕ್ಕರೆಯಿಂದ ಮೊದಲ ಕಾವಲುಗಾರರಲ್ಲಿ ಒಬ್ಬನನ್ನು ತಾನೇ ತಂದು ದುಂಡವ್ವನ ಹಲ್ಲಿಗೆ ಅಂಟಿಸಿದ್ದಳು.

ಅನಾಹುತ ಶುರುವಾದದ್ದು ಮಹಾನಂದಾಳ ಮದುವೆಯಲ್ಲಿ. ಹುಡುಗನದು ನರಗುಂದ. ಬೀಗರ ಊಟದ ದಿನ ಹುಡುಗನ ತಂದೆ ಅಡಿವೆಪ್ಪನವರು ಮಾದಲಿಯ ಪಾತ್ರೆ ಹಿಡಿದು ತಾವೇ ಬಡಿಸಲು ಬಂದರು. ಗೋಧಿ, ಬೆಲ್ಲ, ಗಸಗಸೆ, ಒಣಕೊಬ್ಬರಿ ಬೆರೆತ ಮಾದಲಿ, ಮೇಲೆ ತುಪ್ಪ. ಒತ್ತಾಯ ಮಾಡುವುದು ಅಲ್ಲಿ ಬರಿಯ ಉಪಚಾರವಲ್ಲ. ಬೀಗತಿಯ ಬಾಯಿಗೆ ಬೀಗ ತನ್ನ ಕೈಯಾರೆ ಒಂದು ತುತ್ತು ಇಟ್ಟರೆ, ಎರಡು ಮನೆ ಒಂದಾದವೆಂದು ಅರ್ಥ. ದುಂಡವ್ವ ಕೈ ಅಡ್ಡ ಹಿಡಿದಳು. ಅವರು ತಮ್ಮ ಆಣೆ ಹಾಕಿ ತುತ್ತಿಟ್ಟೇಬಿಟ್ಟರು. ತಕ್ಷಣ ಅವಳ ಸೊಂಟದಿಂದ ವಾರ್ತೆಯ ಧ್ವನಿ ಎದ್ದಿತು. ಪಂಕ್ತಿಗೆ ಪಂಕ್ತಿಯೇ ತಿರುಗಿ ನೋಡಿತು. ಗಾಬರಿಗೊಂಡ ದುಂಡವ್ವ, ಪೆಟ್ಟಿಗೆ ಹೇಳಿದಂತೆ, ತುತ್ತನ್ನು ಎಲೆಯ ಮೇಲೆ ಉಗುಳಿಬಿಟ್ಟಳು.

ಅಡಿವೆಪ್ಪನವರು ಪಾತ್ರೆ ಕೆಳಗಿಟ್ಟು ಹೋಗಿ ಕೈ ತೊಳೆದುಕೊಂಡರು.

ಅಂದಿನಿಂದ ಮಹಾನಂದಾ ಆ ಮನೆಯಲ್ಲಿ ಉಗುಳಿದವಳ ಮಗಳು. ಸಾರಿಗೆ ಉಪ್ಪು ಕಡಿಮೆಯಾದರೆ, ಉಗುಳೂದು ನಿಮ್ಮ ಮನಿ ಪದ್ಧತಿ, ನಾವು ನುಂಗತೀವಿ ಎಂದು ಅತ್ತೆ ನಗುತ್ತಿದ್ದಳು. ನಾಗರಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿದರೂ ಅವಳನ್ನು ಕಳಿಸಲಿಲ್ಲ. ಮರುವರ್ಷವೂ ಇಲ್ಲ. ಮೂರನೆಯ ವರ್ಷ ಪಂಚಮಿ ಹತ್ತಿರ ಬಂದಾಗ ಅಡಿವೆಪ್ಪನವರಿಂದ ಒಂದು ಮಾತು ಬಂತು: ಉಗುಳಿದಾಕಿ ತಾನೇ ಬಂದು, ನಾಲ್ಕು ಮಂದಿಯೆದುರು ನನ್ನ ಕೈಯಿಂದ ತಿಂದು ನುಂಗಲಿ, ಆಮೇಲೆ ಮಗಳನ್ನು ಕರೆದುಕೊಂಡು ಹೋಗಲಿ. ಈ ಸಲವೂ ಬಾರದಿದ್ದರೆ ತವರಿನ ದಾರಿ ಮುಚ್ಚಿತೆಂದು ತಿಳಿಯಲಿ.

ದುಂಡವ್ವ ಒಲೆ ಆರಿಸಿ ಧಾರವಾಡದ ಬಸ್ಸು ಹತ್ತಿದಳು. ಇಂದುಮತಿಯ ಕೋಣೆಯಲ್ಲಿ ಕುರ್ಚಿಯ ತುದಿಗೆ ಕುಳಿತು, ಬಂದ ಕೆಲಸವನ್ನು ನೇರವಾಗಿ ಹೇಳಿದಳು.

“ಇಂದು, ಇದನ್ನ ಒಂದ ದಿನಕ್ಕ ಕಿತ್ತ ಕೊಡವ್ವ.”

“ಕಿತ್ತರ ಮದ್ದುಚೀಲಕ್ಕ ಕಣ್ಣ ಹೋದಾಂಗ ಅಕ್ಕಾರ,” ಎಂದಳು ಇಂದುಮತಿ. “ಎಷ್ಟ ಬಿಡಬೇಕು, ಯಾವಾಗ ನಿಲ್ಲಿಸಬೇಕು ಅದಕ್ಕ ತಿಳಿಯೂದಿಲ್ಲ.”

“ನಿನ್ನ ಕಾವಲುಗಾರಗ ಹಾಗಲಕಾಯಿ ಗೊತ್ತೈತಿ, ಮೆಂತೆ ಗೊತ್ತೈತಿ. ಬೀಗರು ಅಂದ್ರ ಯಾರು ಅನ್ನೂದನ್ನ ಕಲಿಸಿಲ್ಲ ನೋಡು ನೀ.”

ಇಂದುಮತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ವಿವರಿಸಿದಳು. ಚೀಲ ರಕ್ತದ ಸಕ್ಕರೆಯನ್ನೂ ಆಗಾಗ ಅಳೆಯುತ್ತದೆ, ಆದರೆ ಅದು ನಂಬುವುದು ಮೊದಲು ಬಾಯಿಯ ಸಾಕ್ಷಿಯನ್ನು. ಬಾಯಿ ಸಿಹಿ ತಿಂದಿಲ್ಲವೆಂದು ಹೇಳಿ, ರಕ್ತದಲ್ಲಿ ಸಕ್ಕರೆ ಏರಿದ್ದರೆ, ಮೈಯೊಳಗೇ ಏನೋ ಕೆಟ್ಟಿದೆ, ಮದ್ದು ಸಾಲುತ್ತಿಲ್ಲ ಎಂದು ಅದು ತಿಳಿಯುತ್ತದೆ. ನಿಧಾನವಾಗಿ, ಬಹಳ ಹೊತ್ತು ಕೆಲಸ ಮಾಡುವ ಮದ್ದನ್ನು ಹೆಚ್ಚಿಸುತ್ತದೆ. ಒಮ್ಮೆ ಬಿಟ್ಟ ಆ ಮದ್ದನ್ನು ಮರಳಿ ಕರೆಯಲಾಗದು. ಅದಕ್ಕೆ ಸುಮ್ಮನೆ ಕಿತ್ತು ಕಳಿಸುವಂತಿಲ್ಲ. ಮಣಿಯನ್ನು ತೆಗೆದು, ಚೀಲವನ್ನು ಮಲಗಿಸಿ, ಆ ಒಂದು ಊಟಕ್ಕೆ ಎಷ್ಟು ಬೇಕೋ ಅಷ್ಟನ್ನು ಬಲ್ಲವರು ಪಕ್ಕದಲ್ಲಿ ಕೂತು ಸೂಜಿಯಿಂದ ಕೊಡಬೇಕು.

ದುಂಡವ್ವ ಎಲ್ಲವನ್ನೂ ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅದಕ್ಕೇ ನಾನು ಇಷ್ಟು ದೂರ ಬಂದದ್ದು ಎಂದಳು. ಆಗ ಇಂದುಮತಿ ಅವಳ ಕೈ ಹಿಡಿದುಕೊಂಡು ಮಾತು ಕೊಟ್ಟಳು.

“ಪಂಚಮಿ ಮೊದಲ ನಾನ ಬೆಟಗೇರಿಗೆ ಬರತೀನಿ. ನನ್ನ ಕೈಯಾರೆ ತಗದ ಕೊಡತೀನಿ. ನರಗುಂದಕ್ಕೂ ನಿಮ್ಮ ಜೋಡಿ ನಾನ ಬರತೀನಿ. ಸಾಕೇನು?”

ಸಾಕು ಎಂದಳು ದುಂಡವ್ವ. ಹೋಗುವಾಗ, ಬರುವ ದಿನ ಎಣ್ಣೆಬದನೆಕಾಯಿ ಮಾಡಿಟ್ಟಿರುವುದಾಗಿಯೂ ಹೇಳಿದಳು.

ಇಂದುಮತಿ ಸುಳ್ಳು ಹೇಳಿರಲಿಲ್ಲ. ಆದರೆ ಅದೇ ವಾರ ದೆಹಲಿಯಿಂದ ಕರೆ ಬಂತು. ರುಚಿಗಾವಲನ್ನು ಇಡೀ ದೇಶಕ್ಕೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಸಭೆ. ಅಲ್ಲಿ ಅವಳೇ ಮಾತಾಡಬೇಕು. ಅವಳಲ್ಲಿ ತೋರಿಸಲು ಒಂದು ಬೆರಗಿನ ಸಂಗತಿಯಿತ್ತು. ರುಚಿಗಾವಲು ಹಾಕಿಕೊಂಡ ಸಾವಿರಾರು ಬಾಯಿಗಳು ದಿನವೂ ಎಷ್ಟು ಸಿಹಿ ತಿಂದವೆಂಬ ಲೆಕ್ಕ ಸಂಶೋಧನಾಲಯಕ್ಕೆ ಬಂದು ಸೇರುತ್ತಿತ್ತು. ಸಾಮಾನ್ಯ ದಿನಗಳಲ್ಲಿ ಅಷ್ಟಿಷ್ಟು ಇರುತ್ತಿದ್ದ ಸಿಹಿ, ಹಬ್ಬದ ದಿನಗಳಲ್ಲಿ ಸೊನ್ನೆಗೆ ಇಳಿಯುತ್ತಿತ್ತು. ಯುಗಾದಿಗೆ ಸೊನ್ನೆ. ಸಂಕ್ರಮಣಕ್ಕೆ ಸೊನ್ನೆ. ಮದುವೆಯ ಮುಹೂರ್ತಗಳಲ್ಲಿ ಸೊನ್ನೆ. ಸಂಶೋಧನಾಲಯದವರು ಇವುಗಳಿಗೆ ಶೂನ್ಯದಿನಗಳೆಂದು ಹೆಸರಿಟ್ಟಿದ್ದರು. ಜನ ಅತಿ ಹೆಚ್ಚು ಸೋಲಬೇಕಾದ ದಿನವೇ ಅತಿ ಹೆಚ್ಚು ಗೆಲ್ಲುತ್ತಿದ್ದಾರೆ ಎಂದು ಇಂದುಮತಿ ಭಾಷಣದಲ್ಲಿ ಬರೆದುಕೊಂಡಳು.

ಹೊರಡುವ ಮುನ್ನ ದುಂಡವ್ವನಿಗೆ ಫೋನು ಮಾಡಿದಳು. ಬೀಗರಿಗೆ ಸ್ವಲ್ಪ ತಡೆಯಲು ಹೇಳಿರಿ, ಹಬ್ಬ ಮುಗಿದ ಮರುದಿನವೇ ಬರುತ್ತೇನೆ ಎಂದಳು. ಆ ಕಡೆಯಿಂದ ಒಗ್ಗರಣೆಯ ಸದ್ದು ಕೇಳುತ್ತಿತ್ತು. ಆಗಲೆವ್ವ, ದೊಡ್ಡ ಕೆಲಸ ಮೊದಲು ಮುಗಿಸಿಕೋ ಎಂದಳು ದುಂಡವ್ವ. ಅವಳಿಗೆ ಸಿಟ್ಟು ಬಂದಿದೆಯೆಂದು ಇಂದುಮತಿಗೆ ಅನಿಸಲಿಲ್ಲ.

ಮನೆಮನೆಗೆ ಬಿಲ್ವಪತ್ರೆ, ಹೂವು ಕೊಡುವ ಹೂಗಾರ ರತ್ನವ್ವ ಅಂದು ಖಾನಾವಳಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಅವಳ ಬಾಯಲ್ಲೂ ಕಾವಲುಗಾರನಿದ್ದ. ದುಂಡವ್ವನ ಸಂಕಟವನ್ನು ಕೇಳಿ ಅವಳು ಬುಟ್ಟಿಯ ತಳದಿಂದ ನಾಲ್ಕೈದು ಹಸಿರೆಲೆ ತೆಗೆದು ಅಂಗೈಯಲ್ಲಿಟ್ಟಳು.

“ಊರಾಗ ನಿನಗೊಬ್ಬಾಕಿಗೇ ಗೊತ್ತಿಲ್ಲೇನ ಇದು?”

ಅದು ಮಧುನಾಶಿನಿ, ಸಕ್ಕರೆಯನ್ನು ಕೊಲ್ಲುವ ಬಳ್ಳಿ. ಸಕ್ಕರೆ ಕಾಯಿಲೆಗೆ ಮದ್ದೆಂದು ಹಳಬರು ಅಗಿಯುತ್ತಿದ್ದ ಎಲೆ. ಅದನ್ನು ಅಗಿದು ನಾಲಿಗೆಗೆ ಸವರಿಕೊಂಡರೆ ಒಂದು ಗಂಟೆಯ ಹೊತ್ತು ಸಕ್ಕರೆ ಬರಿಯ ಮರಳು. ಓಣಿಯ ಮಕ್ಕಳೆಲ್ಲ ಆಡುವ ಆಟ ಇದು. ನಾಲಿಗೆ ಮಲಗಿದರೆ ಕಾವಲುಗಾರನೂ ಮಲಗುತ್ತಾನೆ ಎಂದು ಯಾರು ಮೊದಲು ಕಂಡುಕೊಂಡರೋ, ಹಬ್ಬದ ಮುನ್ನಾದಿನ ರತ್ನವ್ವನ ಬುಟ್ಟಿಯಲ್ಲಿ ಬಿಲ್ವಪತ್ರೆಗಿಂತ ಈ ಎಲೆಯೇ ಮೊದಲು ಖಾಲಿಯಾಗುತ್ತಿತ್ತು. ಮಗಳ ಸೀಮಂತದಲ್ಲಿ, ಅಳಿಯನ ಮನೆಯಲ್ಲಿ, ಮೊಮ್ಮಗನ ಹೆಸರಿಡುವ ದಿನ, ಬೇಡ ಎನ್ನಲಾಗದ ಕಡೆಯಲ್ಲೆಲ್ಲ ಜನ ಎಲೆ ಅಗಿದು ಹೋಗುತ್ತಿದ್ದರು. ಅದು ಮದ್ದೇ ತಾನೆ, ಏನೂ ಆಗುವುದಿಲ್ಲ ಎಂದು ರತ್ನವ್ವ ಧೈರ್ಯ ಹೇಳಿದಳು. ಸಿಹಿಯ ರುಚಿ ಸಿಗುವುದಿಲ್ಲವಲ್ಲ ಎಂದು ದುಂಡವ್ವ ಕೇಳಿದಾಗ ಅವಳು ಲೋಟ ಕೆಳಗಿಟ್ಟಳು.

“ರುಚಿಗೆ ಯಾರು ತಿಂತಾರ ನಮ್ಮವ್ವಾ? ಮಂದಿ ನೋಡ್ಲಿ ಅಂತ ತಿನ್ನೂದದು.”

ಪಂಚಮಿಯ ಹಿಂದಿನ ದಿನ ದೆಹಲಿಯಲ್ಲಿ ಇಂದುಮತಿ ಶೂನ್ಯದಿನಗಳ ಚಿತ್ರವನ್ನು ತೆರೆಯ ಮೇಲೆ ತೋರಿಸುತ್ತಿದ್ದ ಹೊತ್ತಿಗೆ, ದುಂಡವ್ವ ನರಗುಂದದ ಬಸ್ ನಿಲ್ದಾಣದಲ್ಲಿ ಇಳಿದು, ಮರೆಗೆ ನಿಂತು, ಎಲೆಗಳನ್ನು ಒಂದೊಂದಾಗಿ ಅಗಿಯುತ್ತಿದ್ದಳು. ಕಣ್ಣಲ್ಲಿ ನೀರು ಬರುವಷ್ಟು ಕಹಿ. ರಸವನ್ನು ಹಲ್ಲಿನ ಸುತ್ತ ಹೊರಳಿಸಿ ನುಂಗಿದಳು. ಹೇಳುಪೆಟ್ಟಿಗೆಯನ್ನು ಆರಿಸಿ ಕೈಚೀಲದ ತಳಕ್ಕೆ ಸೇರಿಸಿದಳು. ತಿನ್ನಬೇಕಾದ ಸಿಹಿಗೆ ಜಾಗವಿರಲೆಂದು ಬೆಳಗಿನಿಂದ ಏನನ್ನೂ ತಿಂದಿರಲಿಲ್ಲ.

ಅಡಿವೆಪ್ಪನವರ ಪಡಸಾಲೆಯಲ್ಲಿ ಓಣಿಯ ಹಿರಿಯರು ಕುಳಿತಿದ್ದರು. ಮಾದಲಿಯ ಜೊತೆಗೆ ಪಂಚಮಿಯ ಉಂಡೆಗಳೂ ಇದ್ದವು: ಎಳ್ಳಿನದು, ಶೇಂಗಾದು, ಹೆಸರುಹಿಟ್ಟಿನದು. ಅಡಿವೆಪ್ಪನವರು ಒಂದು ತುತ್ತು ಇಟ್ಟರು. ಯಾವ ಧ್ವನಿಯೂ ಏಳಲಿಲ್ಲ. ದುಂಡವ್ವ ಅಗಿದಳು, ನುಂಗಿದಳು, ಬಾಯಿ ತೆರೆದು ತೋರಿಸಿದಳು. ಯಾರೋ ನಕ್ಕರು. ಅಡಿವೆಪ್ಪನವರ ಮುಖ ಸಡಿಲವಾಯಿತು. ಇನ್ನೊಂದು ಎಂದರು, ತಿಂದಳು. ಎಳ್ಳಿನದು ಎಂದರು, ಅದನ್ನೂ ತಿಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತ ಮಹಾನಂದಾಳಿಗೆ ಮೂರು ವರ್ಷಗಳಲ್ಲಿ ಮೊದಲ ಬಾರಿ ಅತ್ತೆ ಹೆಗಲ ಮೇಲೆ ಕೈ ಹಾಕಿ, ಬಟ್ಟೆ ತುಂಬಿಕೋ ಹೋಗು ಎಂದಳು. ಊಟಕ್ಕೆ ಕರೆದಾಗ ಮಾತ್ರ ದುಂಡವ್ವ ಒಲ್ಲೆನೆಂದಳು. ಇಷ್ಟು ಸಿಹಿ ಹೋದ ಮೇಲೆ ರೊಟ್ಟಿಯನ್ನೂ ತಿಂದರೆ ಏನಾದೀತೋ ಎಂದು ಅವಳಿಗೆ ಅಂಜಿಕೆ. ಹೊರಡುವಾಗ ಅಡಿವೆಪ್ಪನವರು ಉಂಡೆಗಳ ದೊಡ್ಡ ಗಂಟೊಂದನ್ನು ಕಟ್ಟಿ ಅವಳ ಕೈಗೆ ಕೊಟ್ಟರು.

ಬಸ್ಸಿನಲ್ಲಿ ತಾಯಿ ಮಗಳು ಕಿಟಕಿಯ ಪಕ್ಕ ಕುಳಿತರು. ಗಂಟು ದುಂಡವ್ವನ ತೊಡೆಯ ಮೇಲಿತ್ತು. ಶ್ರಾವಣದ ತಂಪು ಗಾಳಿ.

“ನಿಮ್ಮ ಮಾವನ ಉಂಡಿ ಹ್ಯಾಂಗಿದ್ದೂ ಗೊತ್ತೇನ?” ಎಂದು ದುಂಡವ್ವ ಮಗಳ ಕಿವಿಯಲ್ಲಿ ಹೇಳಿದಳು. “ಥೇಟ ಹಳ್ಳದ ಉಸುಕು. ಅಗದಷ್ಟೂ ಉಸುಕು.”

ಎಲೆಯ ಗುಟ್ಟನ್ನೂ ಹೇಳಿದಳು, ಇಬ್ಬರೂ ನಕ್ಕರು. ಆಮೇಲೆ ದುಂಡವ್ವ ತಲೆಯನ್ನು ಮಗಳ ಹೆಗಲಿಗೆ ಒರಗಿಸಿದಳು. ಅವಳ ಹಣೆಯ ಮೇಲೆ ಬೆವರು ಮೂಡಿದಾಗ ಮಹಾನಂದಾ ಸೆರಗಿನಿಂದ ಒರೆಸಿದಳು. ಮತ್ತೆ ಮೂಡಿತು, ಮತ್ತೆ ಒರೆಸಿದಳು. ಎಷ್ಟು ದಿನದ ನಿದ್ದೆಯೋ, ಎಬ್ಬಿಸುವುದು ಬೇಡ ಎಂದುಕೊಂಡು ಹೆಗಲನ್ನು ಅಲುಗಿಸದೆ ಕುಳಿತಳು. ಗದುಗು ಬಂದಾಗ ಎಬ್ಬಿಸಿದಳು. ದುಂಡವ್ವ ಏಳಲಿಲ್ಲ. ಆಸ್ಪತ್ರೆಯಲ್ಲಿ ರಕ್ತಕ್ಕೆ ಸಕ್ಕರೆಯ ನೀರು ಏರಿಸಿದರು. ಅಷ್ಟು ಹೊತ್ತು ಸಕ್ಕರೆಯಿಲ್ಲದೆ ಉಳಿದಿದ್ದ ಮಿದುಳು ಅದನ್ನು ತೆಗೆದುಕೊಳ್ಳಲಿಲ್ಲ.

ತನ್ನನ್ನು ಹೊತ್ತವರು ಸತ್ತರೆ ಕಾವಲುಗಾರ ಕೊನೆಯ ವರದಿಯನ್ನು ತನ್ನನ್ನು ಮಾಡಿದವರಿಗೆ ಕಳಿಸುತ್ತಾನೆ. ಇಂದುಮತಿಗೆ ಅದು ದೆಹಲಿಯಲ್ಲಿ, ಅಭಿನಂದನೆಯ ಊಟದ ಮೇಜಿನ ಮುಂದೆ ಸಿಕ್ಕಿತು. ಮೊದಲ ವಿಮಾನ ಹಿಡಿದಳು. ದಾರಿಯುದ್ದಕ್ಕೂ ಅದನ್ನೇ ಓದಿದಳು. ಮಧುನಾಶಿನಿ, ಹಸಿ ಎಲೆ, ಬಹಳ. ಆಮೇಲೆ ಎಳ್ಳು, ಗೋಧಿ, ತುಪ್ಪ, ಸಿಹಿ ಸೊನ್ನೆ. ರಕ್ತದಲ್ಲಿ ಸಕ್ಕರೆ ಏರುತ್ತಿದೆ. ಬಾಯಿ ಸಿಹಿ ತಿಂದಿಲ್ಲ, ಆದ್ದರಿಂದ ಮದ್ದು ಸಾಲುತ್ತಿಲ್ಲ, ಹೆಚ್ಚಿಸಿದೆ. ಇನ್ನೂ ಏರುತ್ತಿದೆ, ಇನ್ನೂ ಹೆಚ್ಚಿಸಿದೆ. ಅನಂತರ ಉಂಡೆಯ ಸಕ್ಕರೆ ಮುಗಿದಿತ್ತು, ಮದ್ದು ಮುಗಿದಿರಲಿಲ್ಲ, ನುಂಗಿದ ಎಲೆಯೂ ಅದಕ್ಕೆ ಕೈ ಜೋಡಿಸಿತ್ತು. ಕೊನೆಯಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಬಂದಿತ್ತು. ಪೆಟ್ಟಿಗೆ ಆರಿದ್ದುದರಿಂದ ಅವನು ಅದನ್ನು ದವಡೆಯ ಎಲುಬಿನೊಳಗೆ, ಅವಳಿಗೊಬ್ಬಳಿಗೇ ಕೇಳುವಂತೆ ಹೇಳಿದ್ದ. ಸಕ್ಕರೆ ಇಳಿದಿದೆ. ದಯವಿಟ್ಟು ಸಿಹಿ ತಿನ್ನಿ. ಇಷ್ಟು ವರ್ಷ ಉಗುಳಿ ಎಂದವನು ಈಗ ತಿನ್ನಿ ಎಂದದ್ದನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ, ಕೇಳಿಸಿಕೊಂಡರೂ ನಂಬಿದಳೋ ಇಲ್ಲವೋ ಎಂಬುದು ವರದಿಯಲ್ಲಿ ಇರಲಿಲ್ಲ.

ಇಂದುಮತಿ ಹಳೆಯ ಶೂನ್ಯದಿನಗಳನ್ನು ತೆರೆದು ನೋಡಿದಳು. ಯುಗಾದಿ, ಸಂಕ್ರಮಣ, ಮುಹೂರ್ತದ ದಿನಗಳು. ಪ್ರತಿ ಸೊನ್ನೆಯ ಹಿಂದೆಯೂ ಅದೇ ಎಲೆಯ ಹೆಸರಿತ್ತು. ಪ್ರಯೋಗಾಲಯದಲ್ಲಿ ಅದರ ಪುಡಿಯನ್ನು ಗುಳಿಗೆಯ ಕವಚದಲ್ಲಿ ತುಂಬಿ ಜನರಿಗೆ ನುಂಗಿಸಿ ಪರೀಕ್ಷಿಸಿದ್ದರು. ಮಣಿಗೆ ರಸದ ಗುರುತು ಕಲಿಸಿ ತೊಳೆದಿಟ್ಟಿದ್ದರು. ಎಲೆಯ ರಸದ ಬೆನ್ನಲ್ಲೇ ಒಂದು ಚಿಟಿಕೆ ಸಕ್ಕರೆಯನ್ನು ಯಾರೂ ಇಟ್ಟು ನೋಡಿರಲಿಲ್ಲ. ಆ ಎಲೆ ನಾಲಿಗೆಯನ್ನು ಮಲಗಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ತಾನು ಮಾಡಿದ್ದು ಯಂತ್ರವೆಂದು ತಿಳಿದಿದ್ದಳು, ನಾಲಿಗೆಯೆಂದು ತಿಳಿದಿರಲಿಲ್ಲ. ಮತ್ತು ಪಂಚಮಿಯ ದಿನ ಉತ್ತರ ಕರ್ನಾಟಕದಲ್ಲಿ ಯಾರೂ ಒಂದು ಉಂಡೆಯನ್ನೂ ತಿನ್ನಲಿಲ್ಲವೆಂಬುದನ್ನು ಅವಳು, ಇಲ್ಲಿಯೇ ಹುಟ್ಟಿದವಳು, ನಂಬಿದ್ದಳು.

ಬೆಟಗೇರಿಯ ಮನೆಯಲ್ಲಿ ದುಂಡವ್ವನನ್ನು ಗೋಡೆಗೆ ಒರಗಿಸಿ ಕೂಡ್ರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ, ಗದ್ದದಿಂದ ನೆತ್ತಿಗೆ ಬಿಗಿದ ಬಿಳಿಯ ಬಟ್ಟೆ. ಭಜನೆಯವರು ಹಾಡು ಮುಗಿಸಿ ತಾಳ ಕೆಳಗಿಟ್ಟಿದ್ದರು. ಮಣ್ಣು ಮಾಡಲು ಗುಣಿ ತೋಡಿ ಬಹಳ ಹೊತ್ತಾಗಿತ್ತು. ಮಹಾನಂದಾ ಎತ್ತಲು ಬಿಟ್ಟಿರಲಿಲ್ಲ.

ಅಡಿವೆಪ್ಪನವರು ಕಂಬಕ್ಕೆ ಒರಗಿ ನಿಂತಿದ್ದರು. ಇಂದುಮತಿಯನ್ನು ಕಂಡು, ಯಾರಾದರೂ ಕೇಳಲೆಂದು ಕಾದಿದ್ದವರಂತೆ ಹೇಳತೊಡಗಿದರು.

“ನಾ ಒಂದ ತುತ್ತು ಅಂದಿದ್ದೆರಿ ಬಾಯಾರ. ಒಂದ. ಆಕೀನ ಬೇಡಿ ಬೇಡಿ ತಿಂದಾಂಗ ತಿಂದ್ಲು. ಅಷ್ಟ ರುಚಿ ಹತ್ತಿತ್ತರಿ ಆಕಿಗೆ.”

“ಉಸುಕ ತಿಂದ್ಲು ಮಾವಾರ,” ಎಂದಳು ಮಹಾನಂದಾ, ಅವರ ಕಡೆ ನೋಡದೆ. “ನಿಮ್ಮ ಕೈಯಿಂದ ಹೊಟ್ಟಿ ತುಂಬ ಉಸುಕ ತಿಂದ್ಲು ನಮ್ಮವ್ವ.”

ಅವರಿಗೆ ಅರ್ಥವಾಗಲಿಲ್ಲ. ಯಾರೂ ಅರ್ಥ ಹೇಳಲೂ ಇಲ್ಲ.

ಇಂದುಮತಿ ಏನೋ ಹೇಳಲು ಬಾಯಿ ತೆರೆದಳು. ವರದಿ, ಎಲೆ, ಚೀಲ, ದೆಹಲಿ ಎಲ್ಲವೂ ಅಲ್ಲಿ ಒಟ್ಟಿಗೆ ಬಂದು ನಿಂತವು. ಮಹಾನಂದಾ ಕೈ ಎತ್ತಿ ತಡೆದಳು.

“ಅದೆಲ್ಲಾ ನಂಗ ಬ್ಯಾಡ. ತಗೀತೀನಿ ಅಂತ ಆಕಿಗೆ ಮಾತ ಕೊಟ್ಟೀರಂತ. ತಗೀರಿ. ಆ ಕಾವಲುಗಾರನ್ನ ಬಾಯಾಗ ಇಟಗೊಂಡು ಆಕಿ ಮಣ್ಣಿಗೆ ಹೋಗೂದಿಲ್ಲ.”

ಇಂದುಮತಿ ದುಂಡವ್ವನ ಮುಂದೆ ಮೊಣಕಾಲೂರಿ ಕುಳಿತಳು. ಗದ್ದದ ಬಟ್ಟೆಯನ್ನು ಬಿಚ್ಚಿದಳು. ದವಡೆ ಬಿಗಿದುಕೊಂಡಿತ್ತು. ಬಿಸಿನೀರು ಕೇಳಿದಳು, ಬಟ್ಟೆಯನ್ನು ಅದ್ದಿ ಹಿಂಡಿ ಕೆನ್ನೆಗಳಿಗೆ ಒತ್ತಿ ಹಿಡಿದಳು. ನೀರು ಆರಿತು, ಮತ್ತೆ ಕಾಯಿಸಿ ತಂದರು. ಬಹಳ ಹೊತ್ತಿನ ಮೇಲೆ ಬಾಯಿ ಒಂದು ಬೆರಳಿನಷ್ಟು ತೆರೆಯಿತು. ಎಳ್ಳಿನ ಒಂದು ಸಿಪ್ಪೆ ಇನ್ನೂ ಹಲ್ಲಿನ ಸಂದಿಯಲ್ಲಿತ್ತು. ಅಂಟು ಕರಗಿಸುವ ದ್ರವವನ್ನು ಬಲಗಡೆಯ ದವಡೆಹಲ್ಲಿಗೆ ಹನಿಸಿ ಕಾದಳು. ಇಕ್ಕಳ ಎರಡು ಸಲ ಜಾರಿತು. ಮೂರನೆಯ ಸಲ ಮಣಿ ಕಳಚಿ ಅವಳ ಅಂಗೈಗೆ ಬಂತು.

ಮಹಾನಂದಾ ಅದನ್ನು ನೋಡಲಿಲ್ಲ. ತಾಯಿಯ ಬಾಯನ್ನು ತಾನೇ ಮುಚ್ಚಿದಳು, ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿದಳು, ಹಾರವನ್ನು ಸರಿಮಾಡಿದಳು. ಆಮೇಲೆ ಎದ್ದು ನಿಂತು, ಬಾಗಿಲಲ್ಲಿ ಕಾಯುತ್ತಿದ್ದವರಿಗೆ ಎತ್ತಿರೆಂದು ಹೇಳಿದಳು.